ತಂಗಿಗೆ ತಂದುಕೊಟ್ಟ ಬಳಪ

ನನ್ನ ತಂಗಿಗೆ ಬಳಪ ತಂದುಕೊಟ್ಟವಳು ನಾನೇ. ಸ್ಲೇಟಿನ ಮೇಲೆ ಬರೆಯುವ ಬಿಳಿ ಬಳಪ. ಅವಳು ಅದನ್ನು ಬರೆಯಲಿಕ್ಕೆ ಕೇಳಲಿಲ್ಲ, ತಿನ್ನಲಿಕ್ಕೆ ಕೇಳಿದಳು. ಬಸುರಿ ಕೇಳಿದ್ದನ್ನು ಇಲ್ಲ ಅನ್ನಬಾರದೆಂದು ನಾನು ತಂದೆ. ಒಂದೆರಡು ಸಲವಲ್ಲ, ದೀಪಾವಳಿಯಿಂದ ಶಿವರಾತ್ರಿಯವರೆಗೆ ವಾರಕ್ಕೊಂದು ಡಬ್ಬಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮ ಬಂಧುಬಳಗದವರು ಅವಳ ವಿಷಯ ಬಂದಾಗಲೆಲ್ಲ ನನ್ನನ್ನು ಬಹಳ ಒಳ್ಳೆಯ ಅಕ್ಕನನ್ನಾಗಿ ಮಾಡಿ ಮಾತಾಡುತ್ತಾರೆ, ಕೇಳಿ ಕೇಳಿ ನನಗೆ ಸಾಕಾಗಿದೆ.

ನಾವಿರುವುದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ. ಯಜಮಾನರು ರೈಲ್ವೆಯವರು. ರಾಯಚೂರು ಕಡೆಯಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ನಾನು ಕೋಠಿಯಲ್ಲಿ ಔಷಧಿಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಊರೂರಿನ ಮೆಡಿಕಲ್ ಶಾಪುಗಳಿಂದ ಬಂದ ಚೀಟಿ ನೋಡಿ, ಡಬ್ಬಿ ತೆಗೆದು, ತಾರೀಖು ಪರೀಕ್ಷಿಸಿ ಕಟ್ಟಿಸುವ ಕೆಲಸ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ದಿನಕ್ಕೆ ಎಷ್ಟೋ ಪೆಟ್ಟಿಗೆ ಕಟ್ಟಿಸಿ ಕಳಿಸಿದ್ದೇನೆ. ಅದು ಮೈಯೊಳಗೆ ಹೋಗಿ ಏನು ಮಾಡುತ್ತದೆ, ಏನು ಮಾಡಿದರೆ ಅದು ಮೈಗೆ ಹತ್ತುವುದಿಲ್ಲ ಎಂದು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಯೋಚಿಸಿದವಳಲ್ಲ. ಆದರೂ ಬಂಧುಗಳಿಗೆಲ್ಲ ನಾನು ಅರ್ಧ ಡಾಕ್ಟರು. ಯಾರಿಗೆ ಹೊಟ್ಟೆ ನೋವು ಬಂದರೂ ಫೋನು ನನಗೇ ಬರುತ್ತಿತ್ತು, ನಾನೂ ಬಿಗುಮಾನದಿಂದಲೇ ಉತ್ತರ ಕೊಡುತ್ತಿದ್ದೆ.

ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಪಿಯುಸಿ ಓದುವಾಗ ಅವ್ವ ತೀರಿಕೊಂಡಳು, ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಮದುವೆ ಮಾಡಿದವಳು ನಾನು. ಗಂಡ ಕಲಬುರ್ಗಿಯ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವವ, ಮಾತು ಕಡಿಮೆ, ಒಳ್ಳೆಯವ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಅವಳಿಗೆ ತವರು ಅಂದರೆ ಮಲ್ಕಾಜ್‌ಗಿರಿಯ ನನ್ನ ಎರಡು ಕೋಣೆಯ ಮನೆಯೇ. ದೀಪಾವಳಿಗೆ ಬಂದಾಗ ಐದು ತಿಂಗಳು ನಡೆಯುತ್ತಿತ್ತು. ಮತ್ತೆ ಯಾಕೆ ಓಡಾಟ, ಇಲ್ಲೇ ಇರಲಿ, ಹೈದರಾಬಾದಿನಲ್ಲಿ ದವಾಖಾನೆಗಳು ಚಲೋ ಇವೆ ಎಂದು ನಾನೇ ಇಟ್ಟುಕೊಂಡೆ. ಆ ಮಾತು ಹೇಳುವಾಗ ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಗಿತ್ತು.

ಬಂದ ನಾಲ್ಕನೇ ದಿನವೋ ಐದನೇ ದಿನವೋ, ನಾನು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಬಾಗಿಲಿಗೆ ಒರಗಿ ನಿಂತು, ಬರುವಾಗ ಬಳಪ ತರುತ್ತೀಯಾ ಎಂದು ಕೇಳಿದಳು. ಕೇಳುವಾಗ ನೆಲ ನೋಡುತ್ತಿದ್ದಳು. ನಾನು ನಕ್ಕೆ. ಬಯಕೆ ಎಂದರೆ ಹುಣಸೆಹಣ್ಣು, ಮಂಡಕ್ಕಿ, ಮಿರ್ಚಿ ಎಂದುಕೊಂಡಿದ್ದೆ, ಇವಳಿಗೆ ಶಾಲೆ ನೆನಪಾಗಿದೆಯಲ್ಲ ಎಂದು ಚೇಷ್ಟೆ ಮಾಡಿದೆ. ಅವಳೂ ನಕ್ಕಳು. ಸಂಜೆ ಕೋಠಿಯ ಪುಸ್ತಕದಂಗಡಿಗಳ ಸಾಲಿನಲ್ಲಿ ಒಂದು ಡಬ್ಬಿ ಕೊಂಡು ತಂದೆ. ಅವಳು ಒಂದನ್ನು ತೆಗೆದು ಮೊದಲು ಮೂಸಿ ನೋಡಿದಳು, ಆಮೇಲೆ ಕಟಕಟನೆ ಕಡಿದು ತಿಂದಳು. ಆ ಸದ್ದು ಈಗಲೂ ನನ್ನ ಹಲ್ಲಿಗೆ ತಾಗುತ್ತದೆ.

ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಉಳಿದವರು ಅದನ್ನು ಕೇಳಿ ನಂಬಿದವರು, ನಾನು ಕಣ್ಣಾರೆ ನೋಡಿದ್ದೆ. ತಂಗಿ ಹೊಟ್ಟೆಯಲ್ಲಿದ್ದಾಗ ಅವ್ವನಿಗೆ ಒಲೆಯ ಸುಟ್ಟ ಮಣ್ಣು ತಿನ್ನುವ ಆಸೆಯಾಗುತ್ತಿತ್ತು. ಒಲೆಯ ಮೂಲೆ ಕೆರೆಯುವಾಗ ಅಜ್ಜಿ ನೋಡಿ ಕೈಮೇಲೆ ಛಟೀರೆಂದು ಹೊಡೆದು, ಒಲೆಗೆ ಸಗಣಿ ಸಾರಿಸಿಬಿಟ್ಟಳು. ತಂಗಿ ಹುಟ್ಟಿದ ಮೇಲೆ ಏಳೆಂಟು ವರ್ಷ ಅವಳ ಕಿವಿ ಸೋರಿದವು. ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದವಳು, ದಿಂಬಿನ ಆ ವಾಸನೆ ನನಗೆ ಗೊತ್ತು. ಅರಳೆಯಿಂದ ಕಿವಿ ಒರೆಸುವಾಗಲೆಲ್ಲ ಅವ್ವ, ನಾ ಬೇಡಿದ್ದು ಸಿಗಲಿಲ್ಲ, ಅದಕ್ಕೇ ಈ ಕೂಸಿಗೆ ಹೀಗಾಯಿತು ಎಂದು ಕಣ್ಣೀರು ಹಾಕುತ್ತಿದ್ದಳು. ಅಜ್ಜಿಯನ್ನು ನಾನು ಆಗಿನಿಂದಲೂ ಕ್ಷಮಿಸಿರಲಿಲ್ಲ. ಅಂಥ ನನ್ನನ್ನು ತಂಗಿಯೇ ಬಂದು ಬಳಪ ಕೇಳಿದರೆ ಇಲ್ಲ ಅನ್ನಲು ಬಾಯಿ ಎಲ್ಲಿಂದ ಬರಬೇಕು?

ಹಾಗಾಗಿ ವಾರಕ್ಕೊಂದು ಡಬ್ಬಿ ನಡೆಯಿತು. ಅಂಗಡಿಯ ಮುದುಕ ಮೂರನೇ ವಾರ ಕನ್ನಡಕದ ಮೇಲಿಂದ ನೋಡಿ, ಶಾಲೆ ಏನಾದರೂ ತೆರೆದಿದ್ದೀರಾ ಬೀಬಿ ಎಂದು ದಖ್ಖನಿಯಲ್ಲಿ ಕೇಳಿದ. ಹೌದು, ಒಬ್ಬಳೇ ವಿದ್ಯಾರ್ಥಿನಿ, ಬಹಳ ಜಾಣೆ ಎಂದೆ. ಮನೆಗೆ ಬಂದು ಹೇಳಿದಾಗ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ದಮ್ಮು ಹತ್ತಿ ಗೋಡೆಗೆ ಆತುಕೊಂಡಳು. ದಮ್ಮನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಟ್ಟೆ ಹೊತ್ತವಳಿಗೆ ದಮ್ಮು ಹತ್ತದೆ ಇರುತ್ತದೆಯೇ ಎಂದುಕೊಂಡೆ.

ಅವಳು ಬೆಳ್ಳಗಾಗುತ್ತಿದ್ದಳು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ, ಯಾಕೆಂದರೆ ನಾವೆಲ್ಲ ಅದನ್ನು ನೋಡಿ ಸಂತೋಷಪಟ್ಟೆವು. ನಮ್ಮ ಮನೆಯಲ್ಲಿ ಅವಳೇ ಕಪ್ಪು. ಬಸುರಿ ಕಳೆ ಏರಿದೆ, ಹೇಗೆ ತಿಳಿಯಾಗಿದ್ದಾಳೆ ನೋಡು ಎಂದು ಬಂದವರೆಲ್ಲ ಹೇಳಿದರು, ನಾನೂ ಹೇಳಿದೆ. ಉಗುರು, ತುಟಿ, ನಾಲಿಗೆ ಎಲ್ಲ ಬೆಳ್ಳಗಾಗಿದ್ದವು. ನಾಲಿಗೆ ಬೆಳ್ಳಗಾಗುವುದು ಯಾವ ಕಳೆ ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವಳು ನಮ್ಮ ಬಸ್ತಿಯ ಸರ್ಕಾರಿ ದವಾಖಾನೆಯ ನರ್ಸಮ್ಮ ಒಬ್ಬಳೇ. ನಲವತ್ತೈದರ ಆಸುಪಾಸಿನ ಹೆಂಗಸು, ತೆಲುಗಿನವಳು. ಹೆಸರು ಬರೆಸಲು ತಂಗಿಯನ್ನು ಕರೆದುಕೊಂಡು ಹೋದ ದಿನ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ತಲೆ ಅಲ್ಲಾಡಿಸಿದಳು. ಬೆರಳಿನಿಂದ ರಕ್ತ ತೆಗೆದರು. ಹಿಮೋಗ್ಲೋಬಿನ್ ಹನ್ನೊಂದು ಇರಬೇಕಾದದ್ದು ಎಂಟೂವರೆ ಇತ್ತು. ತಂಗಿಗೆ ತೆಲುಗು ಬಾರದು, ನಡುವೆ ನಾನೇ ಕೂತು ಹೇಳಬೇಕು. ನರ್ಸಮ್ಮ ಒಂದೊಂದೇ ಕೇಳುತ್ತ ಹೋದಳು: ಊಟ ಏನು, ವಾಂತಿ ಇದೆಯೇ, ಕಾಲು ಬಾತುಕೊಳ್ಳುತ್ತವೆಯೇ. ಆಮೇಲೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದಳು: "ಮಟ್ಟಿ, ಬಲಪಾಲು, ಪಚ್ಚಿ ಬಿಯ್ಯಂ, ಅಟ್ಲಾಂಟಿವಿ ತಿಂಟುಂದಾ?"

ಮಣ್ಣು, ಬಳಪ, ಹಸಿ ಅಕ್ಕಿ, ಅಂಥದ್ದೇನಾದರೂ ತಿನ್ನುತ್ತಾಳೆಯೇ ಎಂದು. ಬಳಪ ಎಂಬುದು ತಂಗಿಗೂ ತಿಳಿಯಿತು, ಅವಳು ತಟ್ಟನೆ ನನ್ನತ್ತ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಇಲ್ಲ ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ಸಾವಿರ ಸಲ ಕೇಳಿಕೊಂಡಿದ್ದೇನೆ. ಬಯಕೆಯ ಮಾತನ್ನು ಹೊರಗಿನವರ ಮುಂದೆ ಆಡಿದರೆ ದೃಷ್ಟಿಯಾಗುತ್ತದೆ ಎನ್ನುವುದು ಒಂದಿತ್ತು. ನಿಜವಾದ ಕಾರಣ ಅದಲ್ಲ. ನಾಚಿಕೆಯಾಯಿತು. ತಾಯಿಯಿಲ್ಲದ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಹೊಟ್ಟೆಗೆ ಹಾಕದೆ ಮಣ್ಣು ತಿನ್ನಿಸುತ್ತಿದ್ದಾಳೆ ಎಂದು ಆ ಹೆಂಗಸು ಅಂದುಕೊಂಡಾಳು ಎಂದು ನನಗೆ ಮುಖ ಬಿಸಿಯಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಎಂದು ಬೇರೆ ಆಗಲೇ ಜಂಭದಿಂದ ಹೇಳಿಕೊಂಡಿದ್ದೆ.

ನರ್ಸಮ್ಮ ಮಾತ್ರೆ ಕೊಟ್ಟಳು. ಊಟವಾಗಿ ಎರಡು ತಾಸು ಬಿಟ್ಟು ನುಂಗಬೇಕು, ನಿಂಬೆಹಣ್ಣಿನ ನೀರಿನ ಜೊತೆ ಆದರೆ ಚಲೋ, ಚಹಾ ಹಾಲು ಹತ್ತಿರ ಬರಬಾರದು, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು, ಮಲ ಕಪ್ಪಾದರೆ ಹೆದರಬಾರದು, ಹೊಟ್ಟೆ ತೊಳಸಿದರೆ ಬಂದು ಹೇಳಬೇಕು, ಆದರೆ ನಿಲ್ಲಿಸಬಾರದು, ತಿಂಗಳಿಗೆ ಮತ್ತೆ ರಕ್ತ ನೋಡಬೇಕು. ಇಷ್ಟನ್ನೂ ಅವಳು ತಾಳ್ಮೆಯಿಂದ ಹೇಳಿದಳು. ನನಗೋ ಕೆಲಸಕ್ಕೆ ತಡವಾಗಿತ್ತು. ತಂಗಿಗೆ ಕನ್ನಡದಲ್ಲಿ, ದಿನಕ್ಕೊಂದು ನುಂಗಬೇಕಂತ, ಕಪ್ಪಗಾದರೆ ಅಂಜಬ್ಯಾಡಂತ ಎಂದು ಎರಡೇ ಮಾತಿನಲ್ಲಿ ಮುಗಿಸಿದೆ. ಉಳಿದದ್ದು ನನಗೆ ಗೊತ್ತಿದೆಯಲ್ಲ, ನಾನೇ ಕೊಡುತ್ತೇನಲ್ಲ ಎಂದುಕೊಂಡೆ.

ಮೊದಲ ಮೂರು ದಿನ ನಿಂಬೆ ನೀರಿನ ಜೊತೆಯೇ ಕೊಟ್ಟೆ. ನಾಲ್ಕನೇ ದಿನ ಅವಳು ವಾಂತಿ ಮಾಡಿಕೊಂಡಳು, ಐದನೇ ದಿನವೂ ಮಾಡಿಕೊಂಡಳು. ಹೋಗಿ ನರ್ಸಮ್ಮನಿಗೆ ಹೇಳಬೇಕಿತ್ತು. ಬೇರೆ ಮಾತ್ರೆ ಕೊಡುತ್ತಿದ್ದಳೋ, ದಿನ ಬಿಟ್ಟು ದಿನ ಎನ್ನುತ್ತಿದ್ದಳೋ. ನಾನು ಹೋಗಲಿಲ್ಲ, ನನ್ನದೇ ಬುದ್ಧಿ ಓಡಿಸಿದೆ. ನಮ್ಮ ಮನೆಯಲ್ಲಿ ಏನೇ ತೊಳಸಿದರೂ ಗಟ್ಟಿ ಚಹಾ ಕುಡಿದರೆ ಕೂತುಕೊಳ್ಳುತ್ತದೆ. ಹಾಲು ಜಾಸ್ತಿ ಹಾಕಿ ಚಹಾ ಕುದಿಸಿ ಅದರ ಜೊತೆ ಮಾತ್ರೆ ನುಂಗಿಸಿದೆ. ವಾಂತಿ ನಿಂತಿತು. ನೋಡಿದೆಯಾ ಎಂದು ಅವಳ ಮುಂದೆ ಬೀಗಿದೆ. ಚಹಾದಲ್ಲಿ ಕರಗಿ ಹಾಳಾದ ಮಾತ್ರೆ, ಮೇಲೆ ಅದನ್ನು ಹಿಡಿದು ನಿಲ್ಲಿಸುವ ಬಳಪ. ಎರಡು ತಿಂಗಳು ಅವಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದಳು, ನಾನು ಹೇಳಿದ ಹಾಗೆಯೇ.

ತಿಂಗಳಿಗೊಮ್ಮೆ ರಕ್ತ ನೋಡಬೇಕು ಎಂದದ್ದು ಮುಂದೆ ಮುಂದೆ ಹೋಯಿತು. ಒಂದು ಸಲ ನನಗೆ ರಜೆ ಸಿಗಲಿಲ್ಲ, ಒಂದು ಸಲ ಅವಳೇ ಬೇಡ ಎಂದಳು. ಜನವರಿಯಲ್ಲಿ ಅವಳ ಗಂಡ ಬಂದಿದ್ದಾಗ ನಾಂಪಲ್ಲಿಯ ಎಕ್ಸಿಬಿಷನ್ ನೋಡಲು ಎಲ್ಲರೂ ಹೋದೆವು. ಅವಳು ಇಷ್ಟಪಟ್ಟು ಹೊರಟಿದ್ದಳು, ಹಸಿರು ಗಾಜಿನ ಬಳೆ ನೋಡಬೇಕು ಎಂದಿದ್ದಳು. ಒಳಗೆ ಹೋಗಿ ಎರಡು ಸಾಲು ಅಂಗಡಿ ದಾಟುವಷ್ಟರಲ್ಲಿ ನೆಲದ ಮೇಲೇ ಕೂತುಬಿಟ್ಟಳು. ಹಣೆಯ ಮೇಲೆ ಬೆವರು, ಮುಖ ಸುಣ್ಣ ಬಳಿದ ಹಾಗೆ.

"ಅಕ್ಕಾ, ಎದಿ ಭಾಳ ಬಡಕೊಳ್ಳಾಕತ್ತೈತಿ, ಮುಟ್ಟಿ ನೋಡು" ಎಂದಳು.

ಕೈ ಇಟ್ಟೆ. ಓಡಿ ಬಂದವಳ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಗಂಡ ಗಾಬರಿಯಾಗಿ ನೀರು ತಂದ. ಅವಳಿಗೆ ನೀರು ಬೇಡವಾಗಿತ್ತು, ಬರ್ಫ ಬೇಕಾಗಿತ್ತು. ಗೋಲಾ ಮಾಡುವವನ ಹತ್ತಿರ ರಂಗು ಹಾಕದ ಬರೀ ಬರ್ಫದ ಪುಡಿ ಕೇಳಿ ತಂದುಕೊಟ್ಟೆವು. ಅದನ್ನು ಮುಕ್ಕಿ ಮುಕ್ಕಿ ತಿಂದಳು. ತಿಂದ ಮೇಲೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡಿತು. ಜನದ ಗದ್ದಲ, ಧೂಳು, ಅದಕ್ಕೇ ಹೀಗಾಯಿತು ಎಂದು ನಾನು ತೀರ್ಪು ಕೊಟ್ಟೆ, ಬಳೆ ಕೊಂಡು ಮನೆಗೆ ಬಂದೆವು. ಬಂದ ಕೂಡಲೇ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದೆ.

ಆ ತಿಂಗಳ ಕೊನೆಗೆ ಕುಬಸ ಮಾಡಿದೆವು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದೆವು. ಊರಿಂದ ಬಂದ ಹೆಂಗಸರು ಹೋಳಿಗೆ, ಐದು ಥರದ ಅನ್ನ, ಜೋಳದ ಕಡುಬು ಎಂದು ತಟ್ಟೆ ತುಂಬಾ ಬಡಿಸಿದರು. ಅವಳು ಎರಡು ತುತ್ತು ತಿಂದು ಕೈ ತೊಳೆದಳು, ಕಾಲು ಬಾತಿದ್ದರಿಂದ ಕುರ್ಚಿಯಲ್ಲೇ ಕೂರಿಸಿ ಆರತಿ ಎತ್ತಿದರು. ಎಂಥಾ ಬಣ್ಣ ಬಂದೈತಿ ಎಂದು ಎಲ್ಲರೂ ಬೆರಳು ಮುರಿದರು. ಆ ದಿನದ ಫೋಟೋ ನನ್ನ ಫೋನಿನಲ್ಲಿದೆ. ಈಗ ನೋಡಿದರೆ ಕಾಯಿಲೆಯವಳು ಕುರ್ಚಿಯಲ್ಲಿ ಕೂತಿದ್ದಾಳೆ ಎಂದು ಯಾರು ಬೇಕಾದರೂ ಹೇಳಬಹುದು. ಆಗ ಅಲ್ಲಿದ್ದ ಇಪ್ಪತ್ತು ಮಂದಿ ಹೆಂಗಸರಲ್ಲಿ ಒಬ್ಬರಿಗೂ ಕಾಣಲಿಲ್ಲ, ಅವರಲ್ಲಿ ಹನ್ನೆರಡು ಮಂದಿಯಾದರೂ ಹೆತ್ತವರು.

ಎಂಟನೇ ತಿಂಗಳು ನಡೆಯುತ್ತಿದ್ದಾಗ ನರ್ಸಮ್ಮನೇ ಮನೆ ಹುಡುಕಿಕೊಂಡು ಬಂದಳು. ಬರುವುದಿಲ್ಲವೇಕೆ ಎಂದು ಬಾಗಿಲಲ್ಲೇ ನನ್ನನ್ನು ಗದರಿಸಿದಳು. ತಂಗಿಯ ಕಣ್ಣು ನೋಡಿದವಳು ಮಾತು ನಿಲ್ಲಿಸಿ, ಈಗಲೇ ಆಟೋ ಕರೆಸಿ ಎಂದಳು. ದವಾಖಾನೆಯಲ್ಲಿ ರಕ್ತ ನೋಡಿದರು, ಆರಕ್ಕೆ ಬಂದು ನಿಂತಿತ್ತು. ಮಾತ್ರೆ ನುಂಗಿಸಿದಿರಾ ಎಂದು ಕೇಳಿದಳು. ದಿನಾ ನುಂಗಿಸಿದ್ದೇನೆ ಎಂದೆ, ಅದು ಸುಳ್ಳಾಗಿರಲಿಲ್ಲ. ಅವಳಿಗೆ ಅರ್ಥವಾಗಲಿಲ್ಲ, ಹಣೆ ಗಂಟಿಕ್ಕಿ ಕಾರ್ಡನ್ನೇ ನೋಡುತ್ತ ಕೂತಳು. ಆಮೇಲೆ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದಳು.

ದೊಡ್ಡಾಸ್ಪತ್ರೆಯಲ್ಲಿ ಅಂದೇ ಸೇರಿಸಿಕೊಂಡರು. ಇನ್ನು ಮಾತ್ರೆ ನುಂಗಿ ರಕ್ತ ಏರಿಸುವಷ್ಟು ದಿನ ಉಳಿದಿಲ್ಲ, ಕಬ್ಬಿಣವನ್ನು ನೇರ ನರಕ್ಕೆ ಸಲೈನಿನ ಹಾಗೆ ಕೊಡುತ್ತೇವೆ, ಮೊದಲು ರಕ್ತವನ್ನೂ ಒಂದು ಚೀಲ ಏರಿಸುತ್ತೇವೆ ಎಂದು ಡಾಕ್ಟರಮ್ಮ ಹೇಳಿದಳು. ನಮ್ಮ ಯಜಮಾನರು, ಅವರ ಆಫೀಸಿನ ಇಬ್ಬರು ಬಂದು ರಕ್ತ ಕೊಟ್ಟರು. ತಂಗಿಗೆ ನರ ಸಿಗದೆ ಮೂರು ಕಡೆ ಚುಚ್ಚಿದರು.

ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬ ಬಸುರಿ. ಮರುದಿನ ಬೆಳಿಗ್ಗೆ ಅವಳ ದಿಂಬಿನ ಕೆಳಗೆ ಮಣ್ಣಿನ ಹೆಂಟೆ ಸಿಕ್ಕಿತೆಂದು ಡಾಕ್ಟರಮ್ಮ ಅವಳ ತಾಯಿಯನ್ನು ವಾರ್ಡಿನ ನಡುವೆ ನಿಲ್ಲಿಸಿ ಬೈದಳು. ರಕ್ತ ಕಡಿಮೆಯಾದವರಿಗೇ ಇಂಥ ಹಾಳು ಆಸೆ ಹುಟ್ಟುತ್ತದೆ, ಅದು ಕಾಯಿಲೆಯ ಗುರುತು, ತಿಂದಷ್ಟೂ ಕಬ್ಬಿಣ ಮೈಗೆ ಹತ್ತುವುದಿಲ್ಲ, ನೀವು ಮಗಳಿಗೆ ಪ್ರೀತಿ ತೋರಿಸುತ್ತಿಲ್ಲ, ಕೊಲ್ಲುತ್ತಿದ್ದೀರಿ ಎಂದಳು. ಹಿಂದಿಯಲ್ಲಿ ಹೇಳಿದ್ದರಿಂದ ತಂಗಿಗೂ ಅಷ್ಟಿಷ್ಟು ತಿಳಿಯಿತು. ಆ ಹೊತ್ತಿನಲ್ಲಿ ಒಂದು ಡಬ್ಬಿ ನನ್ನ ಕೈಚೀಲದಲ್ಲೇ ಇತ್ತು, ಆಸ್ಪತ್ರೆಯಲ್ಲಿ ಬೇಕಾದೀತು ಎಂದು ತಂದಿದ್ದೆ.

ಡಾಕ್ಟರಮ್ಮ ಮುಂದಿನ ಹಾಸಿಗೆಗೆ ಹೋದ ಮೇಲೆ ತಂಗಿ ನನ್ನ ಸೆರಗು ಎಳೆದಳು.

"ಅಕ್ಕಾ, ನಾವೂ ಹೇಳಿಬಿಡೂಣೇನ?"

"ಸುಮ್ಮನಿರು. ಈಗ ಹೇಳಿ ಏನ ಆಗೂದೈತಿ, ಔಷಧ ನಡದೈತಲ್ಲ."

ನಾನು ಎದ್ದು ಹೋಗಿ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿ ಬಂದೆ. ಬರುವಾಗ ಅಜ್ಜಿ ನೆನಪಾದಳು. ಅವತ್ತು ಅವ್ವನ ಕೈಮೇಲೆ ಹೊಡೆದ ಅಜ್ಜಿಯೇ ಸರಿ, ಅವಳಿಗೆ ಏನೂ ಗೊತ್ತಿಲ್ಲದಿದ್ದರೂ ಅವಳೇ ಸರಿ. ಇಷ್ಟು ವರ್ಷ ಅವಳನ್ನು ಬೈದುಕೊಂಡು ಬಂದವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಮೂರು ದಿನಕ್ಕೆ ಮನೆಗೆ ಕಳಿಸಿದರು. ಕಬ್ಬಿಣದ ಇನ್ನೊಂದು ಬಾಟಲಿಗೆ ಮುಂದಿನ ವಾರ ಬರಬೇಕು ಎಂದಿದ್ದರು. ಮನೆಯಲ್ಲಿ ನಾನು ರಜೆ ಹಾಕಿ ಕೂತೆ. ಚಹಾ ಬಂದ್ ಮಾಡಿದೆ. ರಾಜಗಿರಿ, ನುಗ್ಗೆಸೊಪ್ಪು, ಬೇಳೆ, ಮೊಟ್ಟೆ ಎಂದು ಒಂದರ ಮೇಲೊಂದು ತಿನ್ನಿಸಲು ಹೋದೆ. ನಮ್ಮ ಮನೆಗೆ ಎಂದೂ ಬಾರದಿದ್ದ ಮೊಟ್ಟೆಯನ್ನು ನಾನೇ ಕೊಂಡು ತಂದು ನಾನೇ ಬೇಯಿಸಿದೆ. ಮೂರು ತಿಂಗಳಲ್ಲಿ ಆಗಬೇಕಾದದ್ದನ್ನು ಮೂರು ದಿನದಲ್ಲಿ ಮಾಡಿ ಮುಗಿಸುವ ಆವೇಶ ನನ್ನದು. ತಂಗಿ ಒಂದೂ ಬೇಡ ಎನ್ನದೆ ಬಾಯಿಗೆ ಹಾಕಿಕೊಂಡಳು. ಅವಳ ತುಟಿಗೆ ಸ್ವಲ್ಪ ಬಣ್ಣ ಬಂದ ಹಾಗೆ ನನಗೆ ಕಂಡಿತು, ಯಜಮಾನರಿಗೂ ತೋರಿಸಿದೆ.

ಎರಡನೇ ಬಾಟಲಿಗೆ ಎರಡು ದಿನ ಬಾಕಿ ಇರುವಾಗ ನಸುಕಿನಲ್ಲಿ ನೀರು ಒಡೆಯಿತು. ಇನ್ನೂ ತಿಂಗಳು ತುಂಬಲು ನಾಲ್ಕು ವಾರ ಇತ್ತು. ಅದೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಹತ್ತೂವರೆಗೆ ಹೆಣ್ಣು ಮಗು ಹುಟ್ಟಿತು, ಎರಡು ಕಿಲೋಗೂ ಕಡಿಮೆ. ಮಗುವನ್ನು ಬೆಚ್ಚಗಿಡುವ ಕೋಣೆಗೆ ತೆಗೆದುಕೊಂಡು ಹೋಗುವಾಗ ನನಗೆ ತೋರಿಸಿದರು. ತಾಯಿ ಹೇಗಿದ್ದಾಳೆ ಎಂದು ಕೇಳಿದೆ, ನೋಡುತ್ತಿದ್ದಾರೆ ಎಂದು ನರ್ಸ್ ಸರಸರನೆ ಹೋದಳು. ಆಮೇಲೆ ಬಾಗಿಲು ತೆರೆಯುವುದು ಮುಚ್ಚುವುದು ಜಾಸ್ತಿಯಾಯಿತು. ರಕ್ತದ ಚೀಲಗಳು ಒಳಗೆ ಹೋದವು. ಯಜಮಾನರು ಮತ್ತೆ ತಮ್ಮ ಆಫೀಸಿನವರಿಗೆ ಫೋನು ಮಾಡಿದರು, ಐದು ಮಂದಿ ಬಂದರು, ಅವರ ತೋಳಿನ ಹತ್ತಿ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು. ಮಧ್ಯಾಹ್ನ ಎರಡು ಗಂಟೆಯ ಹೊತ್ತು.

ಡಾಕ್ಟರಮ್ಮ ಟೋಪಿ ತೆಗೆದು ನಿಂತಿದ್ದಳು. ಸುತ್ತು ಹಾಕದೆ ಹೇಳಿದಳು. ಹೆರಿಗೆಯಾದ ಮೇಲೆ ರಕ್ತ ಹೋಯಿತು, ನಿಲ್ಲಿಸಿದೆವು, ಎಲ್ಲ ಮಾಡಿದೆವು. ಮೈಯಲ್ಲಿ ರಕ್ತ ಇರುವ ಹೆಂಗಸಾದರೆ ಇಷ್ಟು ಹೋದರೂ ತಡೆದುಕೊಳ್ಳುತ್ತಾಳೆ, ಇವಳಲ್ಲಿ ತಡೆದುಕೊಳ್ಳುವಷ್ಟು ಇರಲೇ ಇಲ್ಲ. ಆ ಮಾತನ್ನು ಅವಳು ತಪ್ಪು ಹೊರಿಸುವ ಹಾಗೆ ಹೇಳಲಿಲ್ಲ, ದಣಿದು ಹೇಳಿದಳು. ನಾನು ತಂಗಿಯ ಕೈ ಮುಟ್ಟಿದೆ. ಹಸಿರು ಬಳೆಗಳನ್ನು ಮೊದಲೇ ತೆಗೆದು ಕಾಗದದಲ್ಲಿ ಸುತ್ತಿಟ್ಟಿದ್ದರು.

ಕಲಬುರ್ಗಿಯಿಂದ ಅವಳ ಗಂಡ ಬಂದಾಗ ಸಂಜೆಯಾಗಿತ್ತು. ಮಗಳು ಹುಟ್ಟಿದ್ದು ಅವನಿಗೆ ರೈಲಿನಲ್ಲಿ ತಿಳಿದಿತ್ತು, ಇದು ತಿಳಿದಿರಲಿಲ್ಲ. ಹೇಳಿದವಳು ನಾನೇ. ಅದರ ಬಗ್ಗೆ ಬರೆಯುವುದಿಲ್ಲ.

ಮಗು ಹದಿನೈದು ದಿನಕ್ಕೆ ನಮ್ಮ ಮನೆಗೆ ಬಂತು. ಅವನೂ ಮಿಲ್ಲಿಗೆ ರಜೆ ಹಾಕಿ ನಮ್ಮಲ್ಲೇ ಇದ್ದ, ಮಗುವನ್ನು ಎತ್ತಿಕೊಳ್ಳಲು ಹೆದರುತ್ತ ಪಕ್ಕದಲ್ಲಿ ಕೂತಿರುತ್ತಿದ್ದ. ಮುಂದಿನ ವಾರ ಒಂದು ಬೆಳಿಗ್ಗೆ ಅದೇ ನರ್ಸಮ್ಮ ಇನ್ನೊಬ್ಬಳನ್ನು ಜೊತೆಗೆ ಕರೆದುಕೊಂಡು ಬಂದಳು. ಬಾಣಂತಿ ಸತ್ತರೆ ಮನೆಗೆ ಬಂದು ಎಲ್ಲ ಕೇಳಿ ಬರೆದುಕೊಳ್ಳಬೇಕಂತೆ, ಯಾರ ಮೇಲೂ ತಪ್ಪು ಹೊರಿಸಲಿಕ್ಕಲ್ಲ, ಇನ್ನೊಬ್ಬಳಿಗೆ ಹೀಗಾಗದಿರಲಿ ಎಂದು. ಉದ್ದನೆಯ ಫಾರ್ಮು, ಪುಟದ ಮೇಲೆ ಪುಟ. ಅವಳು ತೆಲುಗಿನಲ್ಲಿ ಕೇಳಿದಳು, ನಾನು ತೆಲುಗಿನಲ್ಲಿ ಹೇಳಿದೆ, ಅವನು ಗೋಡೆಗೆ ಒರಗಿ ನಮ್ಮಿಬ್ಬರ ಮುಖ ನೋಡುತ್ತಿದ್ದ. ಮೂರನೇ ಪುಟದಲ್ಲಿ ಆ ಪ್ರಶ್ನೆ ಬಂತು. ಮಣ್ಣು, ಬಳಪ, ಹಸಿ ಅಕ್ಕಿ.

ತಿನ್ನುತ್ತಿದ್ದಳು ಎಂದೆ. ನಾನೇ ತಂದುಕೊಡುತ್ತಿದ್ದೆ, ಮಾತ್ರೆಯನ್ನೂ ಚಹಾದ ಜೊತೆ ಕೊಟ್ಟೆ ಎಂದೆ. ನರ್ಸಮ್ಮನ ಪೆನ್ನು ನಿಂತಿತು. ಅವತ್ತು ನಿಮ್ಮನ್ನೇ ಕೇಳಿದ್ದೆನಲ್ಲಮ್ಮಾ ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

"ಏನ ಕೇಳಿದ್ರರಿ ಅಕ್ಕಾರ?" ಎಂದ ಅವನು.

ಏನು ಬೇಕಾದರೂ ಹೇಳಬಹುದಿತ್ತು, ಅವನಿಗೆ ತಿಳಿಯುತ್ತಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವತ್ತೂ ಇದನ್ನೇ ಕೇಳಿದ್ದರು, ನಿಮ್ಮ ಹೆಂಡತಿ ಹೇಳಲು ಹೊರಟಿದ್ದಳು, ನಾನು ಅವಳ ಬಾಯಿ ಮುಚ್ಚಿಸಿದೆ, ಆಸ್ಪತ್ರೆಯಲ್ಲೂ ಮುಚ್ಚಿಸಿದೆ ಎಂದೆ. ಅವನು ಎದ್ದು ನನ್ನ ಕೆನ್ನೆಗೆ ಬಾರಿಸುತ್ತಾನೆ ಎಂದುಕೊಂಡೆ, ಬಾರಿಸಲಿ ಎಂದೂ ಇತ್ತು. ಅವನು ತನ್ನ ಕೈಗಳನ್ನೇ ನೋಡಿಕೊಂಡ.

"ನನಗ ಗೊತ್ತಿತ್ತರಿ. ಮೂರನೇ ತಿಂಗಳಿಂದ ತಿಂತಿದ್ಳು, ಮಿಲ್ಲಿನಿಂದ ಬರೂಮುಂದ ನಾನೂ ತಂದು ಕೊಡತಿದ್ದೆ. ಅಕ್ಕಗ ಹೇಳಬ್ಯಾಡ್ರಿ, ಬೈತಾಳ ಅಂದಿದ್ಳು."

ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಅವನ ಮೇಲೆ ಬಂತು, ಆಮೇಲೆ ಅವಳ ಮೇಲೆ ಬಂತು. ನಾನು ಬೈಯುವವಳೆಂದು ನಂಬಿದ್ದಳಲ್ಲ, ಬೈಯಬಹುದಿತ್ತಲ್ಲ. ಒಂದು ಸಲ ಗದರಿಸಿದ್ದರೆ ಸಾಕಿತ್ತು. ಜೀವಮಾನವಿಡೀ ಎಲ್ಲರ ಮೇಲೆ ಹರಿಹಾಯ್ದವಳು, ಬೈಯಬೇಕಾದ ಒಂದೇ ಒಂದು ಕಡೆ ನಕ್ಕು ಡಬ್ಬಿ ತಂದುಕೊಟ್ಟೆ.

ಅವನೇನು ಹೇಳಿದ ಎಂದು ನರ್ಸಮ್ಮ ಕೇಳಿದಳು. ತೆಲುಗಿನಲ್ಲಿ ಹೇಳಿದೆ. ಅವಳು ಅದನ್ನೂ ಬರೆದುಕೊಂಡು, ಫಾರ್ಮನ್ನು ಜೊತೆಗಿದ್ದವಳ ಕೈಗೆ ಕೊಟ್ಟು, ಮಗುವನ್ನು ತೊಡೆಯ ಮೇಲೆ ತೆಗೆದುಕೊಂಡಳು. ಕಣ್ಣಿನ ಕೆಳರೆಪ್ಪೆ ನೋಡಿದಳು, ಅಂಗೈ ನೋಡಿದಳು. ಇಂಥ ತಾಯಿಯ ಕೂಸು ಕಬ್ಬಿಣದ ಕೊರತೆಯೊಂದಿಗೇ ಹುಟ್ಟಿರುತ್ತದೆ, ಡಾಕ್ಟರು ಹೇಳಿದ ದಿನದಿಂದ ಹನಿ ಔಷಧಿ ಶುರು ಮಾಡಬೇಕು ಎಂದಳು. ಎಷ್ಟು ಹನಿ ಎಂದು ತೂಕ ನೋಡಿ ಅವರೇ ಬರೆದುಕೊಡುತ್ತಾರೆ. ಹಾಲಿನ ಬಾಟಲಿಗೆ ಬೆರೆಸಬಾರದು, ನೇರ ಬಾಯಿಗೆ ಬಿಡಬೇಕು. ಮಲ ಕಪ್ಪಾದರೆ ಹೆದರಬಾರದು. ವಾಂತಿಯಾದರೆ ಮನೆಯ ಬುದ್ಧಿ ಓಡಿಸಬಾರದು, ಎತ್ತಿಕೊಂಡು ಬಂದು ತೋರಿಸಬೇಕು. ತಿಂಗಳು ತಪ್ಪಿಸಬಾರದು.

ಅವಳನ್ನು ನಿಲ್ಲಿಸಿ ನಿಲ್ಲಿಸಿ ಎರಡೆರಡು ಸಲ ಕೇಳಿಕೊಂಡೆ. ಆಮೇಲೆ ಅವನ ಕಡೆ ತಿರುಗಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿ, ಈಗ ನೀವು ಹೇಳಿರಿ ಎಂದೆ. ಅವನು ಶಾಲೆಯ ಹುಡುಗನ ಹಾಗೆ ಒಪ್ಪಿಸಿದ, ಹಾಲಿನ ಮಾತು ಬಿಟ್ಟುಬಿಟ್ಟ. ಮೊದಲಿನಿಂದ ಹೇಳಿರಿ ಎಂದೆ. ಅವನು ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹೇಳಿದ.